ಹೊರಗಿನ ಒಬ್ಬ ಗಿರಾಕಿ

ಕಂಪನಿಗಳ ಲೆಕ್ಕಪತ್ರ ಓದಲು ಸುಬ್ಬರಾಯನ್‌ಗೆ ಬರುತ್ತದೆ ಎಂದು ಸೇಲಂನ ಅಮ್ಮಾಪೇಟೆಯಲ್ಲಿ ಯಾರೂ ಹೇಳಿರಲಿಲ್ಲ. ಅವನೇ ಹೇಳಿಕೊಂಡದ್ದು. ಅದೂ ಬಾಯಲ್ಲಿ ಕೇಸರಿಬಾತಿನ ತುತ್ತು ಇದ್ದಾಗ, ಮಗಳನ್ನು ನೋಡಲು ಬಂದ ಗಂಡಿನ ಕಡೆಯವರ ಎದುರಿಗೆ.

ಅವನು ರೇಷ್ಮೆ ಪಂಚೆ ನೇಯುವವನು. ಮೂವತ್ತೈದು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ನೂರಾರು ಮದುಮಕ್ಕಳಿಗೆ ಪಂಚೆ ನೇಯ್ದು ಕೊಟ್ಟ ಮನುಷ್ಯ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಅಂದು ಮೇಚೇರಿಯಿಂದ ಅವನ ಅಕ್ಕ ಕುಪ್ಪಮ್ಮ ಬಂದಿದ್ದಳು. ಕುಪ್ಪಮ್ಮ ಬಂದ ಮನೆಯಲ್ಲಿ ಯಾವ ವಿಷಯವೂ ಇದ್ದಲ್ಲೇ ಇರುವುದಿಲ್ಲ.

ಕುಪ್ಪಮ್ಮನಿಗೆ ಒಬ್ಬ ಮಗ, ಸೆಂದಿಲ್‌ಕುಮಾರ್. ಮೇಚೇರಿಯ ಸಂತೆ ಮೈದಾನದ ಎದುರು ಗಾಡಿ ರಿಪೇರಿ ಶೆಡ್ಡು ಇಟ್ಟುಕೊಂಡಿದ್ದಾನೆ, ಮಾತು ಕಮ್ಮಿ. ತಮ್ಮನ ಮಗಳು ಜಯಪ್ರಿಯಾ ತೊಟ್ಟಿಲಲ್ಲಿದ್ದಾಗಲೇ ಕುಪ್ಪಮ್ಮ ಅವಳ ಕಾಲಿಗೆ ಗೆಜ್ಜೆ ಹಾಕಿ, “ಇವ್ಳು ನನ್ ಸೊಸೆ” ಎಂದು ಬೀದಿಗೆಲ್ಲ ಕೇಳುವಂತೆ ಸಾರಿದ್ದಳು. ಅತ್ತೆಯ ಮಗನಿಗೆ ಮಾವನ ಮಗಳು ಎಂಬುದು ತಲೆತಲಾಂತರದಿಂದ ಮನೆಯಲ್ಲಿ ಕನ್ನಡವನ್ನೇ ಆಡುವ ಆ ನೇಕಾರ ಕುಲದಲ್ಲಿ ಪಂಚಾಯಿತಿ ಬೇಡದ ಹಕ್ಕು. ಆದರೆ ಜಯಪ್ರಿಯಾ ಎಂ.ಕಾಂ. ಓದಿ, ಐದು ರೋಡು ಸರ್ಕಲಿನ ಹತ್ತಿರ ಒಬ್ಬ ಆಡಿಟರನ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಗೆ ಧನಶೇಖರ್ ಎಂಬ ಧರ್ಮಪುರಿಯ ಹುಡುಗ ಮೂರು ವರ್ಷ ತನ್ನ ಟ್ಯಾಕ್ಸಿನ ಕಾಗದ ತಂದುಕೊಟ್ಟ. ನಾಲ್ಕನೇ ವರ್ಷ ಕಾಗದ ಬಿಟ್ಟು ತಾಯಿಯನ್ನು ಕರೆದುಕೊಂಡು ಅಮ್ಮಾಪೇಟೆಗೇ ಬಂದ. ಮಗಳಿಗೆ ಈ ಗಂಡೇ ಬೇಕು ಎಂಬುದು ಸುಬ್ಬರಾಯನ್‌ಗೆ ಚೆನ್ನಾಗಿ ಗೊತ್ತಿತ್ತು. ಅವಳು ಏನೂ ಹೇಳಿರಲಿಲ್ಲ, ಆದರೆ ಅಂದು ಬೆಳಿಗ್ಗೆ ಹೇಳದೇ ಕೇಳದೇ ಮಗ್ಗದ ಕೋಣೆಯ ಜೇಡರ ಬಲೆ ತೆಗೆದಿದ್ದಳು. ಇಪ್ಪತ್ತೈದು ವರ್ಷದಲ್ಲಿ ಅದು ಮೊದಲ ಸಲ.

ಹುಡುಗ ಏನು ಮಾಡುತ್ತಾನೆ ಎಂಬ ಮಾತು ಬಂತು. “ಪಾಲಮಲೆ ಬ್ಯಾಟರಿಯಲ್ಲಿ ಇಂಜಿನಿಯರು” ಎಂದ ಧನಶೇಖರ್.

ಆ ಹೆಸರು ಯಾರಿಗೆ ಗೊತ್ತಿಲ್ಲ! ವಿಶ್ವನಾಥನ್ ಎಂಬ ದೊಡ್ಡ ಕುಳದ ನಾಲ್ಕು ಕಂಪನಿಗಳು: ಪಾಲಮಲೆ ಬ್ಯಾಟರಿ, ಪಾಲಮಲೆ ಮೋಟಾರ್ಸ್, ಪಾಲಮಲೆ ಡ್ರೋನ್, ಪಾಲಮಲೆ ಬ್ರೇನ್. ಸೇಲಂನಿಂದ ಧರ್ಮಪುರಿಯವರೆಗೆ ಹೈವೇ ಉದ್ದಕ್ಕೂ ಅವನದೇ ಬೋರ್ಡು, ಹೆಲ್ಮೆಟ್ ಹಾಕಿಕೊಂಡು ಆಕಾಶ ನೋಡುತ್ತಾ ನಿಂತಿರುತ್ತಾನೆ. ಪೇಪರಿನವರು ಸೋಮವಾರ ಅವನು ಲಕ್ಷ ಕೋಟಿಗೆ ಏರಿದ ಎಂದು ಬರೆದರೆ ಗುರುವಾರ ಇನ್ನೇನು ಮುಳುಗಿದ ಎಂದು ಬರೆಯುತ್ತಾರೆ. ಓದುವವರಿಗೆ ಎರಡೂ ದಿನ ಸಂತೋಷ.

“ಅವೆಲ್ಲಾ ಇರ್ಲಿ,” ಎಂದಳು ಕುಪ್ಪಮ್ಮ, ಎಲೆಗೆ ಸುಣ್ಣ ಹಚ್ಚುತ್ತಾ. “ಕಂಪನಿ ಗಟ್ಟಿ ಐತಾ? ನಾಳೆ ಮುಚ್ಕಂಡು ಓದ್ರೆ ನಮ್ ಎಣ್ಣು ಏನ್ ತಿಂತದೆ?”

ಆಗ ಸುಬ್ಬರಾಯನ್ ಕೇಸರಿಬಾತು ನುಂಗಿ ಹೇಳಿದ: “ಅಕ್ಕಾ, ಕಂಪನಿ ಲೆಕ್ಕ ಕಣಕ್ಕು ನೋಡದು ನಂಗೇನ್ ಒಸದಾ? ಸೊಸೈಟಿಲಿ ಆರು ವರ್ಸ ಡೈರೆಕ್ಟರ್ ಆಗಿರ್ನಿಲ್ವಾ? ಒಂದ್ ಸಲ ಇಂಗೆ ಕಣ್ಣಾಡಿಸ್ಬುಟ್ರೆ ಸಾಕು.”

ಅವನು ನೇಕಾರರ ಸೊಸೈಟಿಯ ಡೈರೆಕ್ಟರ್ ಆಗಿದ್ದದ್ದು ನಿಜ. ಮೀಟಿಂಗಿನಲ್ಲಿ ಬೋಂಡ ಕೊಡುತ್ತಿದ್ದರು, ಅವನು ಒಂದು ಮೀಟಿಂಗೂ ತಪ್ಪಿಸುತ್ತಿರಲಿಲ್ಲ. ಮತ್ತೆ ಆರು ವರ್ಷವೂ ಅವನ ಸಹಿ ಒಂದೇ ಥರ ಇತ್ತು. ಉಳಿದ ಡೈರೆಕ್ಟರುಗಳ ಬಗ್ಗೆ ಆ ಮಾತು ಹೇಳುವಂತಿರಲಿಲ್ಲ.

ಕುಪ್ಪಮ್ಮ ಈ ಗಳಿಗೆಗೇ ಕಾದಿದ್ದವಳಂತೆ ಹೇಳಿದಳು: “ಸರಿ. ನೀನೇ ನೋಡ್ಕಂಡ್ ಬಾ. ಎಂಟ್ ದಿನ ಟೈಮು. ಗಟ್ಟಿ ಇದ್ರೆ ಕೊಡ್ವಾ, ನಾನೇ ಮುಂದೆ ನಿಂತ್ಕತೀನಿ. ಗಟ್ಟಿ ಇಲ್ದಿದ್ರೆ ನಮ್ ಸೆಂದಿಲ್ ಅವ್ನೆ. ಅವನ್ ಶೆಡ್ಡು ಎಲ್ಲೂ ಓಗಲ್ಲ.”

ಮಗಳ ಮದುವೆ ಹೀಗೆ ಅಪ್ಪನ ಒಂದು ಕಣ್ಣೋಟಕ್ಕೆ ಬಂದು ನಿಂತಿತು.

ಅವರು ಹೋದ ಮೇಲೆ ಜಯಪ್ರಿಯಾ ಮೆಲ್ಲಗೆ ಕೇಳಿದಳು: “ಅಪ್ಪಾ, ನಾನು ಏಳ್ಲಾ? ಆ ಕಂಪನಿ ರಿಪೋರ್ಟು ನಮ್ ಆಫೀಸಲ್ಲಿ...”

“ಸುಮ್ನಿರಮ್ಮಾ!” ಎಂದಳು ತಾಯಿ ಶಾರದ. “ಮದ್ವೆ ಎಣ್ಣು ಗಂಡಿನ್ ಕಡೆ ವಿಚಾರ ಮಾತಾಡ್ತದಾ? ನಾಲ್ಕ್ ಜನ ಕೇಳಿದ್ರೆ ಏನಂತಾರೆ!”

ಇಡೀ ಅಮ್ಮಾಪೇಟೆಯಲ್ಲಿ ಆ ರಿಪೋರ್ಟು ಓದಿ ಅರ್ಥ ಮಾಡಿಕೊಳ್ಳಬಲ್ಲ ಒಬ್ಬಳೇ ಒಬ್ಬಳ ಬಾಯಿ ಹೀಗೆ ಸಂಪ್ರದಾಯಬದ್ಧವಾಗಿ ಮುಚ್ಚಿತು.

ಸುಬ್ಬರಾಯನ್ ಪಕ್ಕದ ಮನೆಯ ಗೋವಿಂದರಾಜನ ಜೆರಾಕ್ಸ್ ಅಂಗಡಿಯಲ್ಲಿ ಕಂಪನಿಯ ವಾರ್ಷಿಕ ವರದಿಯನ್ನು ಪ್ರಿಂಟು ಹಾಕಿಸಿದ. ಇನ್ನೂರ ಹನ್ನೆರಡು ಪುಟ, ಎಲ್ಲ ಇಂಗ್ಲಿಷು. ಹದಿನಾಲ್ಕು ಪುಟಗಳಲ್ಲಿ ವಿಶ್ವನಾಥನ್ ಹೆಲ್ಮೆಟ್ ಹಾಕಿಕೊಂಡಿದ್ದ. ಮಿಕ್ಕಿದ್ದು ಅಂಕಿ. ಸುಬ್ಬರಾಯನ್ ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದ. ಕೆಲವು ಅಂಕಿಗಳನ್ನು ಬ್ರಾಕೆಟ್ಟಿನೊಳಗೆ ಹಾಕಿದ್ದರು. ನಷ್ಟವನ್ನು ಹಾಗೆ ಬರೆಯುವುದು ಲೆಕ್ಕದವರ ರೂಢಿ, ಆದರೆ ಅವೆಲ್ಲ ಭದ್ರವಾಗಿ ಬೀಗ ಹಾಕಿಟ್ಟ ಹಣ ಎಂದು ಅವನಿಗೆ ತಕ್ಷಣ ತಿಳಿಯಿತು. ಕೊನೆಯ ಪುಟಗಳಲ್ಲಿ ಅಂಥವೇ ಹೆಚ್ಚಿದ್ದವು. “ನೋಡ್ಲಾ ಗೋವಿಂದು, ಎಷ್ಟ್ ಉಸಾರಾಗಿ ಎತ್ತಿಟ್ಟವ್ರೆ,” ಎಂದು ತೋರಿಸಿದ. ಗೋವಿಂದರಾಜನೂ ತಲೆದೂಗಿದ. ಪ್ರಿಂಟಿನ ಕಾಸು ಅವನಿಗೆ ಬರಬೇಕಾಗಿತ್ತು.

ಆದರೂ ಕಾಗದ ನೋಡಿ ಗಂಡು ಒಪ್ಪುವವರುಂಟೇ? ಆ ಕುಲದಲ್ಲಿ ಒಂದು ಮನೆಯ ವಿಚಾರ ತಿಳಿಯಬೇಕಾದರೆ ಆ ಮನೆಗೆ ಹೋಗಿ ಕೇಳುವುದಿಲ್ಲ. ಎದುರು ಮನೆಯಲ್ಲಿ ನೀರು ಕೇಳುವ ನೆಪದಲ್ಲಿ ಕೂತು, ಪಕ್ಕದವರು ಹೇಗೆ, ಕುಡಿತ ಗಿಡಿತ ಉಂಟಾ, ಅತ್ತೆ ಸೊಸೆ ಜಗಳ ಬೀದಿಗೆ ಕೇಳಿಸುತ್ತಾ, ಎಲ್ಲಿಂದ ಹೆಣ್ಣು ತಂದಿದ್ದಾರೆ, ಎಲ್ಲಿಗೆ ಕೊಟ್ಟಿದ್ದಾರೆ ಎಂದು ವಿಚಾರಿಸುತ್ತಾರೆ. ಸುಬ್ಬರಾಯನ್ ಈ ಕೆಲಸದಲ್ಲಿ ಪಳಗಿದವನು. ಅವನು ವಿಚಾರಿಸಿ ಒಪ್ಪಿದ ಹನ್ನೊಂದು ಮದುವೆಗಳಲ್ಲಿ ಒಂಬತ್ತು ಇನ್ನೂ ನಿಂತಿವೆ. ಹಾಗಾಗಿ ಅವನು ಇಸ್ತ್ರಿ ಅಂಗಿ ಹಾಕಿ, ಗೋವಿಂದರಾಜನನ್ನು ಸಾಕ್ಷಿಗೆ ಕರೆದುಕೊಂಡು, ಧರ್ಮಪುರಿ ಬಸ್ ಹತ್ತಿದ.

ತೊಪ್ಪೂರು ಘಾಟು ದಾಟಿದ ಮೇಲೆ ಒಂದೇ ಕಾಂಪೌಂಡಿನಲ್ಲಿ ನಾಲ್ಕು ಗೇಟು. ನಾಲ್ಕರಲ್ಲೂ ಒಬ್ಬೊಬ್ಬ ವಾಚ್‌ಮನ್, ಎಲ್ಲರಿಗೂ ಒಂದೇ ಬಣ್ಣದ ಯೂನಿಫಾರ್ಮು. ಅದು ನೋಡಿಯೇ ಸುಬ್ಬರಾಯನ್‌ಗೆ ಅರ್ಧ ಸಮಾಧಾನವಾಯಿತು. ಒಗ್ಗಟ್ಟಿನ ಮನೆ.

ಮೊದಲು ಬ್ಯಾಟರಿ ಗೇಟಿನಲ್ಲಿ ನೀರು ಕೇಳಿ ಕುಡಿದ. ಬಾಯಿ ಒರೆಸಿಕೊಂಡು ಕೇಳಿದ: “ಪಕ್ಕದ್ ಮೋಟಾರ್ಸಿನೋರು ಎಂಗಪ್ಪಾ? ನಿಮ್ ಜೊತೆ ಚೆನ್ನಾಗವ್ರಾ?”

“ರೊಂಬ ನಲ್ಲವಂಗ, ತುಂಬಾ ಒಳ್ಳೆಯವರು,” ಎಂದ ವಾಚ್‌ಮನ್. “ನಾವು ಮಾಡೋ ಬ್ಯಾಟರಿ ಪೂರಾ ಅವರೇ ತಗೋತಾರೆ. ಒಂದೇ ಒಂದು ಬೇರೆ ಕಡೆ ಹೋಗಲ್ಲ.”

ಮೋಟಾರ್ಸ್ ಗೇಟಿನಲ್ಲಿ ಇನ್ನೊಂದು ಲೋಟ ನೀರು. ಅಲ್ಲಿ ತಯಾರಾದ ಕರೆಂಟ್ ಸ್ಕೂಟರುಗಳನ್ನು ಪಕ್ಕದ ಡ್ರೋನ್ ಕಂಪನಿ ತನ್ನ ಕೆಲಸದವರಿಗೆಂದು ಕೊಳ್ಳುತ್ತದಂತೆ. ಕೆಲಸದವರು ಮುನ್ನೂರು, ಸ್ಕೂಟರು ಎರಡು ಸಾವಿರ.

“ಧಾರಾಳಿಗಳು,” ಎಂದು ಸುಬ್ಬರಾಯನ್ ಗೋವಿಂದರಾಜನ ಕಿವಿಯಲ್ಲಿ ಹೇಳಿದ.

ಡ್ರೋನುಗಳನ್ನೆಲ್ಲ ಬ್ರೇನ್ ಕಂಪನಿ ಕೊಂಡುಕೊಂಡಿತ್ತು. ಬ್ರೇನ್ ಗೇಟಿನ ವಾಚ್‌ಮನ್ ವಯಸ್ಸಾದವನು, ಸ್ಟೂಲಿನ ಮೇಲೆ ಕೂತು ಬೀಡಿ ಎಳೆಯುತ್ತಿದ್ದ.

“ಈ ಕಂಪನಿ ಏನ್ ಮಾಡ್ತದೆ?”

“ಯೋಚನೆ ಮಾಡ್ತದೆ.”

“ಯಾರ್ಗೆ?”

“ಬ್ಯಾಟರಿ ಕಂಪನಿಗೆ. ಮುಂದಿನ ವರ್ಷ ಎಷ್ಟು ಬ್ಯಾಟರಿ ಹೋಗ್ತದೆ ಅಂತ ಯೋಚಿಸಿ ಹೇಳ್ತದೆ. ಅದಕ್ಕೆ ಅವರು ಕಾಸು ಕೊಡ್ತಾರೆ.”

“ಅವ್ರತ್ರ ಕಾಸಿಲ್ದಿದ್ರೆ?”

“ಬ್ರೇನೇ ಸಾಲ ಕೊಡ್ತದೆ.”

ಸುಬ್ಬರಾಯನ್‌ನ ಕಣ್ಣು ತುಂಬಿ ಬಂತು. ನಾಲ್ಕು ಲೋಟ ನೀರಿನ ಪ್ರಭಾವವೂ ಇದ್ದೀತು, ಆದರೆ ಮುಖ್ಯವಾಗಿ ಅದು ಸಂತೋಷ. ಬ್ಯಾಟರಿ ಮನೆಯವರು ಮೋಟಾರ್ಸಿಗೆ ಕೊಟ್ಟಿದ್ದಾರೆ. ಮೋಟಾರ್ಸಿನವರು ಡ್ರೋನಿಗೆ. ಡ್ರೋನಿನವರು ಬ್ರೇನಿಗೆ. ಬ್ರೇನಿನವರು ತಿರುಗಿ ಬ್ಯಾಟರಿಗೆ. ಕೊಟ್ಟ ಕಡೆಯಿಂದಲೇ ತಂದು, ತಂದ ಕಡೆಗೇ ಕೊಟ್ಟು, ಹೊರಗಿನ ಒಂದು ಹೆಜ್ಜೆ ಒಳಗೆ ಬರದ ಹಾಗೆ ಕಟ್ಟಿದ ಸಂಸಾರ! ಅವನ ತಾತ ಹೀಗೆ ಮಾಡಿದ್ದ. ಅವನ ಅಪ್ಪ ಮಾಡಿದ್ದ. ಅವನೇ ಶಾರದಳನ್ನು ತಂದದ್ದು ಸೋದರಮಾವನ ಮನೆಯಿಂದ. ವಿಶ್ವನಾಥನ್ ಎಷ್ಟೇ ದೊಡ್ಡ ಕುಳವಾದರೂ ಕಂಪನಿಗಳನ್ನು ತಮ್ಮ ಕುಲದ ಪದ್ಧತಿಯಲ್ಲೇ ಬೆಳೆಸಿದ್ದಾನಲ್ಲ ಎಂದು ಅವನಿಗೆ ಗೌರವ ಉಕ್ಕಿತು.

ರಸ್ತೆಬದಿಯ ಟೀ ಅಂಗಡಿಯವಳನ್ನು ಕಡೆಯದಾಗಿ ಕೇಳಿದ: “ಇಲ್ಲಿ ಕೆಲಸದೋರು ಟೀ ಕಾಸು ಸರಿಯಾಗ್ ಕೊಡ್ತಾರೇನಮ್ಮಾ?”

“ಎರಡು ತಿಂಗಳಿಂದ ನಾಳೆ ಕೊಡ್ತೀವಿ ಅಂತಾರೆ.”

“ಇಲ್ಲ ಅನ್ನಲ್ಲ ಅಲ್ವಾ? ಮರ್ಯಾದಸ್ತರು,” ಎಂದು ಸುಬ್ಬರಾಯನ್ ತನಿಖೆ ಮುಗಿಸಿದ.

ಮನೆಗೆ ಬಂದವನೇ ಪಂಚೆಯ ಬಾರ್ಡರು ಬಿಡಿಸುವ ಚೌಕುಳಿ ಕಾಗದ ತೆಗೆದ. ಕೆಂಪು, ಹಸಿರು ಪೆನ್ಸಿಲಿನಲ್ಲಿ ನಾಲ್ಕು ಮಾವಿನಕಾಯಿ ಬರೆದ. ಒಂದೊಂದು ಮಾವಿನಕಾಯಿ ಒಂದೊಂದು ಕಂಪನಿ. ಒಂದರ ತೊಟ್ಟಿನಿಂದ ಇನ್ನೊಂದರ ತುದಿಗೆ ಬಳ್ಳಿ ಎಳೆದ. ಬಳ್ಳಿ ಎಲ್ಲೂ ಕಡಿಯದೆ ಸುತ್ತು ಬಂದು ಸೇರಿಕೊಂಡಿತು. ಕೆಳಗೆ ತಮಿಳಿನಲ್ಲಿ, “ಹೊರಗಿನ ಗಿರಾಕಿ ಒಬ್ಬನೂ ಇಲ್ಲ” ಎಂದು ಹೆಮ್ಮೆಯಿಂದ ಬರೆದು, ಆರು ವರ್ಷ ಕೆಡದ ಆ ಸಹಿ ಹಾಕಿದ.

ಎಂಟನೇ ದಿನ ಬಂಧುಗಳೆಲ್ಲ ಸೇರಿದರು. ಸುಬ್ಬರಾಯನ್ ಕಾಗದ ಗೋಡೆಗೆ ಅಂಟಿಸಿ, ಮಗ್ಗದ ಲಾಳಿಯ ತುದಿಯಿಂದ ತೋರಿಸುತ್ತಾ ಅರ್ಧ ಗಂಟೆ ಮಾತಾಡಿದ. ಯಾರು ಯಾರಿಗೆ ಅಳಿಯ, ಯಾರು ಯಾರಿಗೆ ಬೀಗರು, ಎಲ್ಲ ಬಿಡಿಸಿ ಹೇಳಿದ. ಕೇಳಿದವರು ಮೂಗಿನ ಮೇಲೆ ಬೆರಳಿಟ್ಟರು. “ಅಪ್ಪಡಿಯಾ! ಒಂದ್ ಕಾಸು ಒರಗೆ ಓಗಲ್ಲ ಅನ್ನು,” ಎಂದ ಒಬ್ಬ. “ಸೂಪರ್ ಕುಡುಂಬಂ,” ಎಂದ ಇನ್ನೊಬ್ಬ.

ಎಲ್ಲರೂ ಕುಪ್ಪಮ್ಮನ ಕಡೆ ತಿರುಗಿದರು. ಅವಳಿಗೆ ಇಕ್ಕಟ್ಟು. ಒಳಗೊಳಗೇ ಕೊಟ್ಟು ತರುವುದೇ ಶ್ರೇಷ್ಠ ಎಂದು ಇಪ್ಪತ್ತೈದು ವರ್ಷದಿಂದ ಸಾರುತ್ತಾ ಬಂದವಳೇ ಅವಳು. ಈಗ ಅದು ತಪ್ಪು ಎಂದರೆ ಸೆಂದಿಲ್‌ಕುಮಾರನ ಹಕ್ಕೂ ಹೋಗುತ್ತದೆ. ಸರಿ ಎಂದರೆ ಹೆಣ್ಣೇ ಹೋಗುತ್ತದೆ. ಒಂದರ ಮೇಲೊಂದು ಎಲೆ ಅಡಿಕೆ ಬಾಯಿಗೆ ತುರುಕಿಕೊಂಡಳು.

ಅಷ್ಟರಲ್ಲಿ ಅಡುಗೆಮನೆ ಬಾಗಿಲಿನಿಂದ ಜಯಪ್ರಿಯಾ, “ಅಪ್ಪಾ, ಒರಗಿಂದ ಯಾರೂ ಕೊಂಡ್ಕಳ್ದಿದ್ರೆ ಆ ನಾಲ್ಕಕ್ಕೂ ಅಕ್ಕಿ ಎಲ್ಲಿಂದ ಬರ್ತದೆ?” ಎಂದು ಕೇಳಿಬಿಟ್ಟಳು.

“ಒಳೀಕ್ ಓಗು!” ಎಂದು ಮೂರು ದಿಕ್ಕಿನಿಂದ ಕೂಗು ಬಂತು. ಅವಳು ಒಳಗೆ ಹೋದಳು. ಕುಪ್ಪಮ್ಮ ಉಗುಳಿ ಬಂದು, “ಮಾಸಿ ತಿಂಗ್ಳಲ್ಲಿ ಮೂರ್ತ ನೋಡ್ವಾ,” ಎಂದು ಮುಖ ಗಂಟಿಕ್ಕಿಕೊಂಡೇ ಒಪ್ಪಿದಳು.

ಕಥೆ ಇಲ್ಲಿಗೆ ಮುಗಿದು, ನಾವೆಲ್ಲ ಊಟಕ್ಕೆ ಏಳಬಹುದಾಗಿತ್ತು. ಆದರೆ ಗೋವಿಂದರಾಜನ ಕೈಯಲ್ಲಿ ಫೋನು ಇತ್ತು. ಅವನು ಆ ಮಾವಿನಕಾಯಿ ಚಿತ್ರದ ಫೋಟೋ ತೆಗೆದು, “ಡೈರೆಕ್ಟರ್ ಸುಬ್ಬರಾಯಣ್ಣ ಕಂಡುಹಿಡಿದದ್ದು” ಎಂದು ಕುಲದ ವಾಟ್ಸಾಪ್ ಗುಂಪಿಗೆ ಹಾಕಿದ. ಅಲ್ಲಿಂದ ಅದು ಗುಗೈಗೆ ಹೋಯಿತು, ಈರೋಡಿಗೆ ಹೋಯಿತು, ಏರ್ಕಾಡಿನ ಒಬ್ಬ ಕಾಫಿ ಎಸ್ಟೇಟಿನವನ ಕೈಗೆ ಸಿಕ್ಕಿತು. ಅವನಿಗೆ ಪಾಲಮಲೆ ಷೇರು ನಾಲ್ಕು ಸಾವಿರ ಇದ್ದವು. ಕೆಳಗಿನ ಸಾಲು ಓದಿ ಅವನ ಕೈಲಿದ್ದ ಲೋಟ ಜಾರಿತಂತೆ. ಮೂರನೇ ದಿನ ಚೆನ್ನೈನ ಒಬ್ಬ ಯೂಟ್ಯೂಬಿನವನು ಕೈ ಬೀಸಿ ಬೀಸಿ ಕೂಗುತ್ತಿದ್ದ: “ದೊಡ್ಡ ದೊಡ್ಡ ಆಡಿಟರುಗಳು ಹೇಳಲು ಹೆದರಿದ್ದನ್ನು ಅಮ್ಮಾಪೇಟೆಯ ಸೊಸೈಟಿ ಡೈರೆಕ್ಟರೊಬ್ಬರು ನಾಲ್ಕು ಮಾವಿನಕಾಯಲ್ಲಿ ಹೇಳಿದ್ದಾರೆ!”

ಮೈಕು ಹಿಡಿದು ಮನೆಗೇ ಬಂದರು. “ಅಯ್ಯಾ, ಹೊರಗಿನ ಗಿರಾಕಿಯೇ ಇಲ್ಲ ಎಂಬ ನಿಮ್ಮ ಮಾತಿಗೆ ಈಗಲೂ ಬದ್ಧರಾ?”

“ಒಬ್ನೂ ಇಲ್ಲ,” ಎಂದ ಸುಬ್ಬರಾಯನ್ ಎದೆ ಉಬ್ಬಿಸಿ. “ನಾನೇ ನಾಲ್ಕ್ ಗೇಟಲ್ಲೂ ವಿಚಾರಿಸಿವ್ನಿ. ಅದೇ ಅವ್ರ ದೊಡ್ಡಸ್ತಿಕೆ.”

ಮಾರನೆಯ ದಿನ ಷೇರು ಹತ್ತರಲ್ಲಿ ಎರಡು ಪಾಲು ಬಿತ್ತು. ರೇಷನ್ ಅಂಗಡಿಯವನು ಬಂದು, “ಇರೋದು ಇಟ್ಕಳ್ಳಲಾ, ಮಾರ್ಲಾ?” ಎಂದು ಕೇಳಿದ. “ಒಳ್ಳೆ ಸಂಬಂಧ, ಬಿಡ್ಬೇಡ,” ಎಂದ ಸುಬ್ಬರಾಯನ್. ಪೋಸ್ಟ್‌ಮನ್ ಬಂದ. ನಿವೃತ್ತ ಹೆಡ್‌ಮಾಸ್ಟರು ಬಂದರು. ತಾನು ಹೊಗಳುತ್ತಿದ್ದಾಗಲೂ ಜನ ಏಕೆ ಬಿಳಿಚಿಕೊಂಡು ಎದ್ದು ಹೋಗುತ್ತಾರೆ ಎಂಬುದು ಸುಬ್ಬರಾಯನ್‌ಗೆ ಒಗಟಾಗಿತ್ತು. ದೃಷ್ಟಿಯಾಗಿದೆ ಎಂದು ಶಾರದ ಮೆಣಸಿನಕಾಯಿ ನಿವಾಳಿಸಿದಳು.

ಆ ವಾರವೇ ಧನಶೇಖರನನ್ನು ಕೆಲಸದಿಂದ ನಿಲ್ಲಿಸಿದರು. ಕಂಪನಿಯ ಗುಟ್ಟನ್ನು ಮಾವನಾಗುವವನಿಗೆ ಹೇಳಿಕೊಟ್ಟ ಎಂದು ಅಪವಾದ. ಸುದ್ದಿ ಮೇಚೇರಿಗೆ ಮುಟ್ಟಿತು. ಬೆಳಗಿನ ಮೊದಲ ಬಸ್ಸಿಗೇ ಕುಪ್ಪಮ್ಮ ಮಗನನ್ನು ಕರೆದುಕೊಂಡು ಬಂದಿಳಿದಳು. ಸೆಂದಿಲ್‌ಕುಮಾರನ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು.

“ಏನಪ್ಪಾ ಡೈರೆಕ್ಟ್ರೇ? ಗಂಡಿಗೆ ಕೆಲ್ಸ ಇಲ್ಲ ಈಗ. ಮಾಸಿ ತಿಂಗ್ಳು ಐತೆ, ಎಣ್ಣೈತೆ, ಗಂಡು ನಾನ್ ತಂದಿವ್ನಿ.”

ಸುಬ್ಬರಾಯನ್ ಎದ್ದು ಅಡುಗೆಮನೆ ಬಾಗಿಲಿಗೆ ಹೋದ. ಒಳಗೆ ನೋಡಿದ. ಜಯಪ್ರಿಯಾ ಅಳುತ್ತಿರಲಿಲ್ಲ, ಆದರೆ ಆಫೀಸಿಗೂ ಹೋಗದೆ ಗೋಡೆಗೆ ಒರಗಿ ಕೂತಿದ್ದಳು. ತನ್ನಿಂದಲೇ ಆದದ್ದು ಎಂದು ಅವನಿಗೆ ಗೊತ್ತಾಯಿತು, ಹೇಗೆ ಆಯಿತು ಎಂಬುದು ಮಾತ್ರ ಗೊತ್ತಾಗಲಿಲ್ಲ. ತುಂಬಾ ದುಃಖವಾಯಿತು.

ಅದೇ ಹೊತ್ತಿಗೆ ಬೀದಿಗೆ ಒಂದು ಕಾರು, ಹಿಂದೆ ಒಂದು ಸಣ್ಣ ಲಾರಿ ಬಂದು ನಿಂತವು. ಕಾರಿನಿಂದ ಟೈ ಕಟ್ಟಿದ ಪ್ರಭಾಕರನ್ ಇಳಿದ, ಪಾಲಮಲೆ ಗ್ರೂಪಿನ ಜನರಲ್ ಮ್ಯಾನೇಜರು. ಹಿಂದೆಯೇ ಧನಶೇಖರ್ ತಲೆ ತಗ್ಗಿಸಿ ಇಳಿದ. ಲಾರಿಯ ಮೇಲೆ ಹೂವಿನ ಹಾರ ಹಾಕಿದ ಹೊಸ ಸ್ಕೂಟರು. ಅರ್ಧ ಅಮ್ಮಾಪೇಟೆ ಮಗ್ಗ ನಿಲ್ಲಿಸಿ ಬಂದು ಬಾಗಿಲಲ್ಲಿ ಸೇರಿತು.

ಶಾರದ ಅಭ್ಯಾಸಬಲದಿಂದ ತಟ್ಟೆಯಲ್ಲಿ ಬಾಳೆಹಣ್ಣು ಎಲೆ ಅಡಿಕೆ ತಂದಿಟ್ಟಳು. ಪ್ರಭಾಕರನ್ ಅದನ್ನು ಅನುಮಾನದಿಂದ ನೋಡಿದ.

“ಸಾರ್,” ಎಂದ, “ನಿಮ್ಮ ಚಿತ್ರದಿಂದ ಷೇರು ಮಾರ್ಕೆಟ್ಟಿನವರು ನಮಗೆ ನೋಟೀಸು ಕೊಟ್ಟಿದ್ದಾರೆ. ಮಾರ್ಚ್ ಮೂವತ್ತೊಂದರೊಳಗೆ ಹೊರಗಿನ ಗಿರಾಕಿಯನ್ನು ತೋರಿಸಬೇಕು. ಒಬ್ಬನೇ ಆದರೂ ಸಾಕು. ನಮ್ಮ ಚೇರ್ಮನ್ ಯೋಚಿಸಿದರು. ಚಿತ್ರ ಬರೆದ ಮನುಷ್ಯನೇ ಸ್ಕೂಟರ್ ಕೊಂಡರೆ ಊರಿಗೆಲ್ಲ ನಂಬಿಕೆ ಬರ್ತದೆ. ಹೈವೇ ಬೋರ್ಡಿನಲ್ಲಿ ಚೇರ್ಮನ್ ಪಕ್ಕ ನಿಮ್ಮ ಫೋಟೋ. ಮಾಪಿಳ್ಳೆಗೆ, ಅಂದರೆ ನಿಮ್ಮ ಅಳಿಯನಿಗೆ, ಕೆಲಸ ನಾಳೆಯೇ ವಾಪಸ್.”

ಗೋವಿಂದರಾಜ್ ಬೋರ್ಡಿನ ಮಾತು ಕೇಳಿ ಶಿಳ್ಳೆ ಹಾಕಿದ. ಸುಬ್ಬರಾಯನ್‌ನ ಮುಖ ಅರಳಿತು. ಆದರೆ ಕಾಸು?

“ಅದು ನಿಮಗೆ ಯೋಚನೆ ಬೇಡ,” ಎಂದ ಪ್ರಭಾಕರನ್. “ಬ್ರೇನ್ ಕಂಪನಿ ನಿಮಗೆ ಸಾಲ ಕೊಡ್ತದೆ. ನೀವು ಅದನ್ನ ಮೋಟಾರ್ಸಿಗೆ ಕೊಡಿ.”

“ಶಾರದಾ, ಕೇಳಿಸ್ಕಂಡ್ಯಾ?” ಎಂದ ಸುಬ್ಬರಾಯನ್ ಉಬ್ಬಿ. “ನಮ್ಮನ್ನೂ ಸೇರಿಸ್ಕತಾ ಅವ್ರೆ!” ಪೆನ್ನಿಗೆ ಕೈ ಚಾಚಿದ.

“ಸಾರ್, ಒಂದ್ ನಿಮಿಷ.” ಜಯಪ್ರಿಯಾ ಬಾಗಿಲು ದಾಟಿ ಪಡಸಾಲೆಗೆ ಬಂದಿದ್ದಳು. ಈ ಸಲ ಅವಳನ್ನು ಒಳಗೆ ಅಟ್ಟಲು ಯಾರಿಗೂ ನೆನಪಾಗಲಿಲ್ಲ. “ಮಾಸಿಯಲ್ಲಿ, ಅಂದ್ರೆ ಮಾರ್ಚ್ ಮಧ್ಯದೊಳ್ಗೇ ನಮ್ ಮದ್ವೆ. ಆಮೇಲೆ ಅಪ್ಪ ನಿಮ್ ಎಂಪ್ಲಾಯಿಯ ಮಾವ. ನಿಮ್ ಕಂಪನಿ ಸಾಲದಲ್ಲಿ ನಿಮ್ ಕಂಪನಿ ಗಾಡಿ ಕೊಂಡಿರೋ ಮಾವ. ಮಾರ್ಚ್ ಮೂವತ್ತೊಂದಕ್ಕೆ ಅವ್ರನ್ನ ಒರಗಿನೋರು ಅಂತ ಎಂಗೆ ತೋರಿಸ್ತೀರಾ?”

ಪ್ರಭಾಕರನ್ ಟೈ ಸಡಿಲಿಸಿದ. ಅವನ ಕೆಲಸ ಕಷ್ಟದ್ದು, ಪಾಪ. ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡ. ಆಮೇಲೆ ಬಹಳ ನಯವಾಗಿ ಕೇಳಿದ: “ಕಲ್ಯಾಣ ಸ್ವಲ್ಪ ಮುಂದಕ್ಕೆ ಹಾಕಬಹುದಾ? ಏಪ್ರಿಲ್‌ವರೆಗೆ?”

“ಏಪ್ರಿಲ್ಲಾ?” ಎಂದಳು ಶಾರದ.

“ಸೆಪ್ಟೆಂಬರ್ ಅಂತ ಇಟ್ಕೊಳ್ಳಿ. ಆಡಿಟ್ ಮುಗೀಬೇಕು.”

“ಸೆಪ್ಟೆಂಬರಿಗೆ ಮುಗೀತದಾ?” ಎಂದಳು ಜಯಪ್ರಿಯಾ.

ಪ್ರಭಾಕರನ್ ಪ್ರಾಮಾಣಿಕ ಮನುಷ್ಯ, ಅದೇ ಅವನ ತೊಂದರೆ. “ಮುಂದಿನ ವರ್ಷಕ್ಕೂ ಹೊರಗಿನವರು ಒಬ್ಬರು ಬೇಕಲ್ಲಮ್ಮಾ,” ಎಂದು ಮೆಲ್ಲಗೆ ಹೇಳಿದ. “ಬೇರೆ ಯಾರೂ ಸಿಗೋವರೆಗೆ ನಿಮ್ಮ ತಂದೆಯವರು ಹೊರಗೇ ಇರಬೇಕು.”

ಸುಬ್ಬರಾಯನ್ ಪೆನ್ನು ಹಿಡಿದೇ ಇದ್ದ. ಅವನು ಮಗಳ ಕಡೆ ನೋಡಿದ, ಧನಶೇಖರನ ಕಡೆ ನೋಡಿದ, ಬಾಗಿಲಾಚೆ ಹಾರ ಹಾಕಿಕೊಂಡು ನಿಂತ ಸ್ಕೂಟರಿನ ಕಡೆ ನೋಡಿದ. ಇನ್ನೂರ ಹನ್ನೆರಡು ಪುಟದಲ್ಲಿ ಆಗದ ಅರ್ಥ ಅವನಿಗೆ ಈಗ ಒಂದೇ ಸಲಕ್ಕೆ ಆಯಿತು.

“ಅಂದ್ರೆ,” ಎಂದ, “ನಿಮ್ ನಾಲ್ಕ್ ಕಂಪನಿ ಬದುಕ್ಬೇಕು ಅಂದ್ರೆ ನನ್ ಮಗ್ಳು ಮದ್ವೆ ಇಲ್ದೆ ಮನೇಲಿ ಕೂರ್ಬೇಕಾ? ಇಷ್ಟೇನಾ ನಿಮ್ ಗಟ್ಟಿ?” ಪೆನ್ನು ತಟ್ಟೆಯಲ್ಲಿಟ್ಟು ಎದ್ದು ನಿಂತ. “ಎತ್ಕಂಡ್ ಓಗ್ರಿ ನಿಮ್ ಗಾಡಿನಾ! ಬೋರ್ಡೂ ಬೇಡ, ಫೋಟೋನೂ ಬೇಡ. ನಾನು ಬೀಗ ಆಗವ್ನೇ.”

ಪ್ರಭಾಕರನ್ ಒಂದು ಬಾಳೆಹಣ್ಣು ತೆಗೆದುಕೊಂಡು ಹೊರಟುಹೋದ. ಲಾರಿ ಹಿಂದಕ್ಕೆ ತಿರುಗಲು ಬೀದಿಯಲ್ಲಿ ಕಾಲು ಗಂಟೆ ಒದ್ದಾಡಿತು. ಪಾಲಮಲೆ ಗ್ರೂಪು ಅದರಿಂದ ಮುಳುಗಿತೇ ಎಂದರೆ, ಇಲ್ಲ. ಮುಂದಿನ ತಿಂಗಳು ವಿಶ್ವನಾಥನ್ ಐದನೇ ಕಂಪನಿ ಶುರು ಮಾಡಿದ, ಅದು ಮಿಕ್ಕ ನಾಲ್ಕರಿಂದಲೂ ಕೊಂಡುಕೊಂಡಿತು.

ಆದರೆ ಅಂದು ಪಡಸಾಲೆಯಲ್ಲಿ ಧನಶೇಖರ್ ತಲೆ ಎತ್ತದೆ ಹೇಳಿದ: “ಮಾವಾ, ನಿಮ್ಮಿಂದ ಕೆಲ್ಸ ಓಗ್ಲಿಲ್ಲ, ಎಂಗೂ ಓಗೋದೇ ಇತ್ತು. ಮೂರ್ ತಿಂಗ್ಳಿಂದ ಅರ್ಧ ಸಂಬ್ಳ ಷೇರಲ್ಲೇ ಕೊಡ್ತಾ ಇದ್ರು. ಜಯಪ್ರಿಯಾಗೆ ಗೊತ್ತು.”

“ಗೊತ್ತಿದ್ದೂ ಒಪ್ಪಿದ್ಯೇನಮ್ಮಾ?” ಎಂದ ಸುಬ್ಬರಾಯನ್.

“ನಾನ್ ಒಪ್ಪಿದ್ದು ಇವ್ರನ್ನ. ಕಂಪನೀನ ಅಲ್ಲ,” ಎಂದಳು ಅವಳು. ಹೇಳಿದ ಮೇಲೆ ನಾಚಿಕೆಯಾಯಿತು, ಆದರೆ ಒಳಗೆ ಹೋಗಲಿಲ್ಲ.

ಕುಪ್ಪಮ್ಮ ಎಲೆ ಅಡಿಕೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು. “ಒಪ್ಪಿದ್ರೆ ಒಟ್ಟೆ ತುಂಬ್ತದಾ? ಕೆಲ್ಸ ಇಲ್ದೋನ್ಗೆ ಎಣ್ಣು ಕೊಡಾಕಿಲ್ಲ. ಏಳ್ಲಾ ಸೆಂದಿಲ್, ನೀನಾದ್ರೂ ಬಾಯ್ ಬಿಡು!”

ಸೆಂದಿಲ್‌ಕುಮಾರ್ ಬಾಯಿ ಬಿಟ್ಟ. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಅವನು ಆಡಿದ ಮೊದಲ ಉದ್ದದ ಮಾತು ಅದು. “ಅವ್ವಾ, ನಮ್ ಶೆಡ್ಡಲ್ಲಿ ಹದ್ನೇಳ್ ಕರೆಂಟ್ ಸ್ಕೂಟರ್ ಸತ್ತು ಬಿದ್ದವೆ. ಸಂತೇಲಿ ಆಡು ಮಾರೋರ್ದು, ಮೇಷ್ಟ್ರುಗಳ್ದು, ನರ್ಸುಗಳ್ದು. ಬ್ಯಾಟರಿ ಬಿಚ್ಚಿ ರಿಪೇರಿ ಮಾಡೋನು ಮೇಟೂರ್ ತಾಲೂಕಲ್ಲೇ ಒಬ್ನಿಲ್ಲ. ದಿನಾ ಬಂದು ನನ್ ಕತ್ತು ಇಡ್ಕತಾರೆ.” ಅವನು ಧನಶೇಖರನ ಕಡೆ ಬೆರಳು ತೋರಿಸಿದ. “ನಂಗೆ ಜಯಪ್ರಿಯಾ ಬೇಡ. ಇವ್ರು ಬೇಕು. ಶೆಡ್ಡಲ್ಲಿ ಪಾಲು ಕೊಡ್ತೀನಿ.”

ಕುಪ್ಪಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದಳು, ಎಣ್ಣೆ ಹಚ್ಚಿದ ತಲೆಯನ್ನೂ ಸೇರಿಸಿ. ಆಮೇಲೆ ಧನಶೇಖರನ ಕಡೆ ತಿರುಗಿದಳು.

“ರಿಪೇರಿ ಬರ್ತದೇನ್ಲಾ?”

“ಬರ್ತದೆ ಅತ್ತೆ.”

“ಕಾಸು ಯಾರ್ ಕೊಡ್ತಾರೆ?”

“ಗಾಡಿಯೋರು.”

“ಅವ್ರು ನಿಂಗೆ ಏನಾಗ್ಬೇಕು? ಮಾವ, ಭಾವ, ಚಿಕ್ಕಪ್ಪ?”

“ಏನೂ ಆಗ್ಬೇಕಾಗಿಲ್ಲ.”

“ನಂಗೆ?”

“ನಿಮ್ಗೂ ಏನೂ ಆಗ್ಬೇಕಾಗಿಲ್ಲ.”

ಕುಪ್ಪಮ್ಮ ಅಗಿಯುವುದನ್ನು ನಿಲ್ಲಿಸಿದಳು. ಮೂರು ತಲೆಮಾರಿನ ಸಂಬಂಧಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದ ಹೆಂಗಸು, ಆ ಹದಿನೇಳು ಗಾಡಿಯವರಲ್ಲಿ ಒಬ್ಬನಾದರೂ ನೆಂಟ ಸಿಗುತ್ತಾನಾ ಎಂದು ಮನಸ್ಸಿನಲ್ಲೇ ಹುಡುಕಿದಳು. ಒಬ್ಬನೂ ಸಿಗಲಿಲ್ಲ.

“ಗಟ್ಟಿ ಐತೆ,” ಎಂದಳು. “ಮೂರ್ತ ಇಡಿ.”